ಬೇಯಿಸಿದ ಮಣ್ಣು

ಬಿಂದುಶ್ರೀಗೆ ಸಿಟ್ಟು ಬಂದದ್ದು ಮೆಸೇಜು ಓದಿದಾಗಲ್ಲ. ಓದಿ, ಆಗಲಿ ಅಂತ ಹೆಬ್ಬೆರಳೆತ್ತಿದ ಗುರುತು ಕಳಿಸಿ, ಇಸ್ತ್ರಿ ಮಾಡಿ ಕುರ್ಚಿಯ ಮೇಲೆ ಹರವಿದ್ದ ಟೀಮಿನ ಟೀ ಶರ್ಟನ್ನು ಮತ್ತೆ ಮಡಿಸಿ ಬೀರುವಿಗೆ ತುರುಕಿ, ಅದರಲ್ಲಿ ಹೇಳಿದ ಹಾಗೆಯೇ ಚೂಡಿದಾರ ತೊಟ್ಟು ಕನ್ನಡಿಯ ಮುಂದೆ ನಿಂತಳಲ್ಲ, ಆಗ. ಥೂ ನನ್ನ ಜನ್ಮಕ್ಕಿಷ್ಟು ಅನ್ನಿಸಿತು. ಈಗ ನಂಜನಗೂಡು ಬಿಟ್ಟ ನರಸೀಪುರದ ಬಸ್ಸಿನಲ್ಲಿ, ಕಿಟಕಿಯ ಪಕ್ಕ ಅವ್ವನನ್ನು ಕೂರಿಸಿ, ತಾನು ಈಚೆ ಕೂತು ಮತ್ತೆ ಅದನ್ನೇ ಓದುತ್ತಿದ್ದಳು. ‘ಬಿಂದು, ಸಣ್ಣ ಚೇಂಜ್. ಲ್ಯಾಬ್ ಪಾರ್ಟ್ ಮೇಘನಾ ಪ್ರೆಸೆಂಟ್ ಮಾಡ್ತಾಳೆ. ನೀನು ಅಮ್ಮನ ಜೊತೆ ಸ್ಟೇಜಿಗೆ ಬಂದು ಅವ್ರು ಹೇಳಿದ್ದನ್ನ ಇಂಗ್ಲಿಷಲ್ಲಿ ಹೇಳು ಸಾಕು, ಇಂಪ್ಯಾಕ್ಟ್ ಜಾಸ್ತಿ. ಟೀ ಶರ್ಟ್ ಬೇಡ, ಚೂಡಿದಾರ್ ಹಾಕ್ಕೊ. ಅಮ್ಮನ ಪಕ್ಕ ನ್ಯಾಚುರಲ್ ಆಗಿರುತ್ತೆ.’ ಕಳಿಸಿದವನು ಮಹೇಂದ್ರ, ಟೀಮಿನ ಲೀಡರು. ನ್ಯಾಚುರಲ್ ಅಂತೆ! ಟೀ ಶರ್ಟಿನ ಬೆನ್ನ ಮೇಲೆ ಅವಳ ಹೆಸರಿತ್ತು, ತೋಳಿನ ಮೇಲೆ ಕಾಲೇಜಿನ ಹೆಸರು, ಎದೆಯ ಮೇಲೆ ಒಂದು ಬಾಳೆಗೊನೆಯ ಚಿತ್ರ. ಆ ಚಿತ್ರ ಬರೆದವಳೂ ಅವಳೇ. ಅದನ್ನು ತೊಟ್ಟರೆ ಅವಳು ನ್ಯಾಚುರಲ್ ಆಗಿರುವುದಿಲ್ಲ.

“ಯಾಕ್ ಮಗಾ ಸಪ್ಪಗಿದ್ದೀಯೆ? ನಾನು ಏಳದು ಮರ್ತೋಯ್ತದೆ ಅಂತ ದಿಗಿಲಾ?” ಅಂತ ಅವ್ವ ಕೇಳಿದಳು. “ಎಲ್ಲಾ ಗ್ಯಾಪ್ಕ ಅದೆ. ನೋಡ್ಕ. ‘ನಾನು ಗೋವಿಂದಮ್ಮ, ಬಾಳೆ ಬೆಳೆಯೋಳು. ನಮ್ಮ ತ್ವಾಟದ ರಸಬಾಳೆ ಸೊರಗಿ ಸೊರಗಿ ಸತ್ತೋಯ್ತಿತ್ತು. ಈ ಮಕ್ಳು ಬಂದು ನಮ್ ಕಷ್ಟ ಕೇಳುದ್ರು.’ ಸರಿಯಾ?” ಮುಂದಿನ ಸೀಟಿನವರು ತಿರುಗಿ ನೋಡಿದರು. ಬಿಂದುಶ್ರೀ, “ಸರಿ ಕಣವ್ವ, ಮೆಲ್ಲಗೆ,” ಅಂದಳು. ಅವ್ವ ಎಂದೂ ಬಾಳೆ ಬೆಳೆದವಳಲ್ಲ. ಬದನವಾಳಿನ ಖಾದಿ ಕೇಂದ್ರದಲ್ಲಿ ರಾಟೆಯ ಮುಂದೆ ಕೂತು ನೂಲು ತೆಗೆಯುವವಳು. ಮದುವೆಯಾಗಿ ಬಂದಾಗಿನಿಂದ ಅದೇ ಕೆಲಸ. ಮನೆಗೆ ಸೇರಿದ ಮಣ್ಣು ಅಂದರೆ ಹಿತ್ತಲಲ್ಲಿ ನುಗ್ಗೆಮರ ನಿಂತಿರುವಷ್ಟೇ. ಆದರೂ ಆ ಮಾತುಗಳನ್ನು ಅವಳು ಎಷ್ಟು ಚೆನ್ನಾಗಿ ಹೇಳುತ್ತಿದ್ದಳೆಂದರೆ, ಕೇಳಿದವರು ಸೊರಗಿದ ಬಾಳೆಗೆ ಮರುಗಲೇಬೇಕು. ಬರೆದುಕೊಟ್ಟವಳು ಮಗಳು. ಅದನ್ನು ನೆನೆದಾಗಿನ ಸಂಕಟವೂ ಬಿಂದುಶ್ರೀಗೆ ಮಹೇಂದ್ರನ ಮೇಲಿನ ಸಿಟ್ಟಾಗಿಯೇ ಹೊರಗೆ ಬರುತ್ತಿತ್ತು.

ಎಲ್ಲ ಶುರುವಾದದ್ದು ರಸಬಾಳೆಯಿಂದ. ನಂಜನಗೂಡಿನ ರಸಬಾಳೆ ಅಂತ ಊರಿನ ಹೆಸರನ್ನೇ ಹೊತ್ತ ಹಣ್ಣು ಈಗ ನಂಜನಗೂಡಿನಲ್ಲೇ ಹುಡುಕಿದರೂ ಸಿಗುವುದಿಲ್ಲ. ಬುಡಕ್ಕೆ ಸೊರಗು ರೋಗ ಬಿದ್ದು ತೋಟಕ್ಕೆ ತೋಟವೇ ಮಲಗಿಹೋಗಿದೆ. ಅದನ್ನು ತರುವುದು ಮಣ್ಣಿನೊಳಗಿನ ಒಂದು ಬೂಷ್ಟು. ಆ ಬೂಷ್ಟು ಬೇರಿನ ಹತ್ತಿರ ಸುಳಿದ ಕೂಡಲೇ ವಾಸನೆ ಹಿಡಿದು, ಅದನ್ನು ಕೊಲ್ಲುವ ರಸ ಬಿಡುವ ಹಾಗೆ ಒಂದು ಬ್ಯಾಕ್ಟೀರಿಯಾವನ್ನು ತಿದ್ದಬೇಕು, ಅದರ ಜೀನಿಗೆ ಬೇರೆ ಕಡೆಯಿಂದ ಒಂದು ತುಂಡು ತಂದು ಕಸಿ ಕಟ್ಟಬೇಕು: ಇದು ಟೀಮಿನ ಯೋಜನೆ. ಹೀಗೆ ಜೀವಿಗಳನ್ನು ತಿದ್ದುವ ವಿದ್ಯಾರ್ಥಿ ಟೀಮುಗಳು ದೇಶದ ತುಂಬ ಇವೆ. ವರ್ಷಕ್ಕೊಮ್ಮೆ ಒಂದು ಕಡೆ ಸೇರಿ ಮಾಡಿದ್ದನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತವೆ, ಅಲ್ಲಿ ತೀರ್ಪುಗಾರರಿಗೆ ಮೆಚ್ಚಿಗೆಯಾದವರು ಪ್ಯಾರಿಸ್ಸಿನ ದೊಡ್ಡ ಸ್ಪರ್ಧೆಗೆ ಹೋಗುತ್ತಾರೆ. ಈ ಸಲ ಆ ಸಮಾವೇಶ ನರಸೀಪುರದ ಒಂದು ಕಾಲೇಜಿನಲ್ಲಿ. ಮೈಸೂರಿನ ಲ್ಯಾಬಿನಲ್ಲಿ ಕಸಿ ಕಟ್ಟಿದವಳು ಬಿಂದುಶ್ರೀ. ಬಾಕಿಯವರು ಕೈ ಹಾಕಲಿಲ್ಲ ಅಂತಲ್ಲ. ಆದರೆ ಭಾನುವಾರವೂ ಬಂದು ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆ ನೋಡಿದವಳು, ಕೆಟ್ಟದ್ದನ್ನು ಚೆಲ್ಲಿ ಮತ್ತೆ ಮಾಡಿದವಳು, ಕೊನೆಯ ಬಸ್ಸು ತಪ್ಪಿ ಅಪ್ಪನಿಂದ ಬೈಸಿಕೊಂಡವಳು ಅವಳು. ಟೀಮಿನಲ್ಲಿ ಎಲ್ಲರಿಗೂ ಇದು ಗೊತ್ತು. ಗೊತ್ತಿದ್ದದ್ದಕ್ಕೇ ಅವಳ ಭಾಗಕ್ಕೆ ‘ಲ್ಯಾಬ್ ಪಾರ್ಟ್’ ಅಂತ ಹೆಸರಿಟ್ಟು, ಅದನ್ನು ಅವಳೇ ನಿಂತು ಹೇಳಬೇಕು ಅಂತ ತಿಂಗಳುಗಳ ಹಿಂದೆಯೇ ಮಾತಾಗಿತ್ತು.

ಮೇಘನಾ ಕೆಟ್ಟವಳಲ್ಲ. ಅದೇ ದೊಡ್ಡ ತಲೆನೋವು. ಕೆಟ್ಟವಳಾಗಿದ್ದರೆ ಒಂದು ಸಲ ಜಗಳವಾಡಿ ಮುಗಿಸಬಹುದಿತ್ತು. ಕಂದು ಬೇಕು ಅಂದಾಗ ತಾಂಡವಪುರದ ಹತ್ತಿರ ತನ್ನ ದೊಡ್ಡಪ್ಪ ನಂಜುಂಡಸ್ವಾಮಿಯ ತೋಟಕ್ಕೆ ಕರೆದುಕೊಂಡು ಹೋದವಳು ಅವಳೇ. ಬಾಳೆಯ ಬುಡದಲ್ಲಿ ಏಳುವ ಮರಿ, ಕಂದು, ಅದನ್ನು ಅಗೆದು ತೆಗೆದರೆ ಹೊಸ ಗಿಡ. ಆ ತೋಟದ ಮೂಲೆಯಲ್ಲಿ ಇನ್ನೂ ನಾಲ್ಕು ಬುಡ ಅಸಲು ರಸಬಾಳೆ ಉಳಿದಿತ್ತು. ನಂಜುಂಡಸ್ವಾಮಿ ಪಂಚೆ ಮೇಲೆ ಕಟ್ಟಿ, ಹಾರೆ ಹಿಡಿದು ತಾವೇ ಅಗೆದರು, ನಗುನಗುತ್ತಲೇ ಮಾತಾಡಿದರು, “ಓದೋ ಮಕ್ಳು ಬಂದಿದ್ದೀರಿ, ಬ್ಯಾಡ ಅಂದಾರಾ” ಅಂದರು. ಮಹೇಂದ್ರನಿಗೆ ಯಾವೂರು ಅಂತ ಕೇಳಿದರು. ಅವಳನ್ನೂ ಕೇಳಿದರು. ಬದನವಾಳು ಅಂದಳು. “ಬದನವಾಳಲ್ಲಿ ಯಾರ ಪೈಕಿ?” ಅಂದರು. ಅಪ್ಪನ ಹೆಸರು ಹೇಳಿದಳು, ಚಲುವಯ್ಯ. “ಓ,” ಅಂದರು, ಅಷ್ಟೇ. ಆಮೇಲೆ ಒಂದು ಕಂದನ್ನು ಮಹೇಂದ್ರನ ಕೈಗೆ ಕೊಟ್ಟರು, ಒಂದನ್ನು ಮೇಘನಾಳ ಕೈಗೆ ಕೊಟ್ಟರು. ಗೋಣಿಚೀಲ ಹಿಡಿದು ಕೈ ಚಾಚಿ ನಿಂತಿದ್ದ ಅವಳ ಮುಂದೆ ಮೂರನೆಯದನ್ನು ನೆಲಕ್ಕಿಟ್ಟರು. ಎಸೆಯಲಿಲ್ಲ, ನಿಧಾನವಾಗಿ, ಮರ್ಯಾದೆಯಿಂದಲೇ, ಬೇರು ಮುರಿಯದ ಹಾಗೆ ಇಟ್ಟರು. ಅವಳು ಬಗ್ಗಿ ಎತ್ತಿಕೊಂಡಳು. ಎತ್ತಿಕೊಂಡು, “ಥ್ಯಾಂಕ್ಸ್ ಅಂಕಲ್” ಅಂದಳು.

ದಾರಿಯುದ್ದಕ್ಕೂ ಮೇಘನಾ ಅವಳ ಕೈ ಹಿಡಿದುಕೊಂಡೇ ಬಂದಳು. “ಹಳೇ ಕಾಲದವ್ರು ಕಣೇ, ಮನಸ್ಸಿಗೆ ಹಾಕ್ಕೋಬೇಡ. ನಾನು ಮನೇಲಿ ಜಗಳ ಆಡ್ತೀನಿ,” ಅಂದಳು. ಆಡಿದಳೋ ಬಿಟ್ಟಳೋ ದೇವರಿಗೇ ಗೊತ್ತು. ಮನಸ್ಸಿಗೆ ಹಾಕಿಕೊಳ್ಳಬೇಡ ಅಂದರೆ ಏನರ್ಥ? ಮನಸ್ಸಿಗೆ ಹಾಕಿದವರು ಅವರು, ತೆಗೆಯುವ ಕೆಲಸ ನನ್ನದೋ? ಹಾಗೆ ಕೇಳಬೇಕಿತ್ತು. ಕೇಳಲಿಲ್ಲ. ಆ ಕಂದಿಗೆ ನೀರು ಹಾಕಿದಾಗಲೆಲ್ಲ ಆ ಥ್ಯಾಂಕ್ಸು ಅವಳ ಬಾಯಿಗೆ ಬರುತ್ತಿತ್ತು, ಹಳಸಿದ್ದು ಉಂಡವರ ತೇಗಿನ ಹಾಗೆ.

“ಇಳೀರಿ ಇಳೀರಿ, ನರಸೀಪುರ,” ಅಂತ ಕಂಡಕ್ಟರು ಕೂಗಿದ. ಬಸ್‌ಸ್ಟ್ಯಾಂಡಿನಲ್ಲಿ ಅವ್ವ ಸೆರಗು ಸರಿಮಾಡಿಕೊಂಡು, ಹೊಸ ಚಪ್ಪಲಿ ಕಚ್ಚುತ್ತಿದ್ದರೂ ತೋರಗೊಡದೆ ನಡೆದಳು. ಕಾಲೇಜಿನ ಬಾಗಿಲಲ್ಲಿ ಮೇಜು ಹಾಕಿಕೊಂಡು ಇಬ್ಬರು ಹುಡುಗಿಯರು ಟ್ಯಾಗು ಹಂಚುತ್ತಿದ್ದರು. ಮಂಡಿಸುವವರಿಗೆ ನೀಲಿ ದಾರ, ಅತಿಥಿಗಳಿಗೆ ಹಳದಿ ದಾರ. ಬಿಂದುಶ್ರೀ ಹೆಸರು ಹೇಳಿದಳು. ಹುಡುಗಿ ನೀಲಿಯ ಗುಂಪಿನಲ್ಲಿ ಹುಡುಕಿದಳು, ಸಿಗಲಿಲ್ಲ; ಹಳದಿಯಲ್ಲಿ ಸಿಕ್ಕಿತು. ಹೆಸರಿನ ಕೆಳಗೆ ‘ಸಮುದಾಯ ಪ್ರತಿನಿಧಿ’ ಅಂತ ಇತ್ತು. ಅವ್ವನದಕ್ಕೆ ‘ರೈತ ಮಹಿಳೆ’. ಅವ್ವ ಅದನ್ನು ಕೊರಳಿಗೆ ಹಾಕಿಕೊಂಡು, “ಚೆಂದಾಗದೆ ಅಲ್ವಾ?” ಅಂದಳು. ಅಂಗಳದ ತುಂಬ ಬಣ್ಣಬಣ್ಣದ ಟೀ ಶರ್ಟುಗಳು. ಊರೂರಿನ ಟೀಮುಗಳು ಒಬ್ಬರಿಗೊಬ್ಬರು ತಮ್ಮ ಸ್ಟಿಕ್ಕರು ಕೊಟ್ಟು, ಅವರದು ಇಸಿದುಕೊಂಡು, ಲ್ಯಾಪ್‌ಟಾಪಿಗೆ ಅಂಟಿಸಿಕೊಳ್ಳುತ್ತಿದ್ದರು. ಕೇರಳದ ಕಡೆಯ ಹುಡುಗನೊಬ್ಬ ಅವಳ ಕೈಗೂ ಒಂದು ಸ್ಟಿಕ್ಕರು ಕೊಡಲು ಬಂದ. ದಾರದ ಬಣ್ಣ ನೋಡಿ, ನಕ್ಕು, ಅವಳಿಗೆ ಕುರ್ಚಿ ತೋರಿಸಿದ.

ಮಹೇಂದ್ರ ಓಡಿ ಬಂದ. ಅವ್ವನ ಕಾಲು ಮುಟ್ಟಿದ. ಕಾಲು ಮುಟ್ಟುವುದರಲ್ಲಿ ಅವನನ್ನು ಮೀರಿಸುವವರಿಲ್ಲ. “ಅಮ್ಮಾ, ನೀವೇ ಇವತ್ತಿನ ಸ್ಟಾರು,” ಅಂದ. ಬಿಂದುಶ್ರೀ ಅವನನ್ನು ಕಂಬದ ಮರೆಗೆ ಕರೆದು, “ಬೆಳಿಗ್ಗೆ ಫೈಲು ತೆಗ್ದು ನೋಡ್ದೆ. ನನ್ ಸ್ಲೈಡು ಯಾಕೆ ತೆಗ್ದೆ?” ಅಂದಳು.

“ಯಾವುದು?”

“ನಿಂಗೊತ್ತು ಯಾವುದು ಅಂತ.”

ಗೊತ್ತಿತ್ತು. ಆ ಕಂದುಗಳಿಂದ ಎಬ್ಬಿಸಿದ ಸಸಿಗಳನ್ನು ಲ್ಯಾಬಿನ ಕುಂಡಗಳಲ್ಲಿ ಬೆಳೆಸಿದ್ದರು. ತಿದ್ದಿದ ಬ್ಯಾಕ್ಟೀರಿಯಾ ಲ್ಯಾಬಿನ ಬಾಗಿಲು ದಾಟುವ ಹಾಗಿಲ್ಲ, ಕಾನೂನು; ಯಾರದಾದರೂ ತೋಟಕ್ಕೆ ಹಾಕಿದರು ಅಂತಾದರೆ ಟೀಮು ಅಂದೇ ಹೊರಗೆ. ಕುಂಡಕ್ಕೆ ಹಾಕುವ ಮಣ್ಣನ್ನು ಮೊದಲು ಆಟೋಕ್ಲೇವಿನಲ್ಲಿ, ಅಂದರೆ ಕುಕ್ಕರಿನ ದೊಡ್ಡಣ್ಣನಂಥ ಒಂದು ಪಾತ್ರೆಯಲ್ಲಿ, ಬೇಯಿಸುತ್ತಿದ್ದರು, ಬೇರೆ ಯಾವ ಜೀವಿಯೂ ಉಳಿಯದ ಹಾಗೆ. ಆ ಬೆಂದ ಮಣ್ಣಿಗೆ ರೋಗದ ಬೂಷ್ಟು ಬೆರೆಸಿ, ತಮ್ಮ ಬ್ಯಾಕ್ಟೀರಿಯಾ ಹಾಕಿದರೆ ಗಿಡ ಹಸುರಾಗಿ ನಿಲ್ಲುತ್ತಿತ್ತು. ಎಲ್ಲರೂ ಕುಣಿದಾಡಿದರು, ಕೇಕು ತಂದರು. ಬಿಂದುಶ್ರೀಗೆ ಮಾತ್ರ ಕೇಕು ತಿನ್ನುವಾಗಲೇ ಅನುಮಾನ. ಯಾವ ತೋಟದ ಮಣ್ಣು ಬೆಂದಿರುತ್ತದೆ? ಯಾರನ್ನೂ ಕೇಳದೆ ನಂಜುಂಡಸ್ವಾಮಿಯ ತೋಟದ ಮಣ್ಣನ್ನು ಹಸಿಯಾಗಿಯೇ ತುಂಬಿ ಇನ್ನೊಂದು ಸಾಲು ಕುಂಡ ಇಟ್ಟಳು. ಮೊದಲು ಕೆಳಗಿನ ಎಲೆ ಅಂಚಿನಲ್ಲಿ ಹಳದಿಯಾಯಿತು, ಆಮೇಲೆ ತೊಟ್ಟು ಮುರಿದು ಜೋತುಬಿತ್ತು, ದಿಂಡು ಸೀಳಿತು. ಒಂದೂ ಉಳಿಯಲಿಲ್ಲ. ತೋಟದ ಮಣ್ಣಿನಲ್ಲಿ ಮೊದಲೇ ಮನೆ ಮಾಡಿಕೊಂಡಿದ್ದ ಜೀವಿಗಳು ಇವರು ತಿದ್ದಿ ತೀಡಿ ಕಳಿಸಿದ ಮುದ್ದಿನ ಬ್ಯಾಕ್ಟೀರಿಯಾವನ್ನು ಲೆಕ್ಕಕ್ಕೇ ಇಡದೆ ಅಳಿಸಿಹಾಕಿದ್ದವು. ಅವಳು ಆ ಸತ್ತ ಗಿಡಗಳ ಫೋಟೋ ಹಾಕಿ, ಯಾಕೆ ಸತ್ತವು ಅಂತ ಬರೆದು, ಒಂದು ಸ್ಲೈಡು ಮಾಡಿದ್ದಳು. ಇಡೀ ಕೆಲಸದಲ್ಲಿ ಅವಳಿಗೆ ನಿಜವಾಗಿ ಹೆಮ್ಮೆಯಿದ್ದದ್ದು ಅದೊಂದರ ಮೇಲೆ.

“ಅದು ಪ್ರಿಲಿಮಿನರಿ, ಬಿಂದು. ಮುಂದಿನ ವರ್ಷದ ಟೀಮು ನೋಡ್ಕೊಳ್ಳುತ್ತೆ. ಇವತ್ತು ಅದನ್ನ ತೋರಿಸಿದ್ರೆ ಪ್ಯಾರಿಸ್ಸು ಮರ್ತುಬಿಡೋಣ,” ಅಂದ ಮಹೇಂದ್ರ. ಅವನ ದನಿಯಲ್ಲಿ ಜೋರಿರಲಿಲ್ಲ, ಹಟ ಮಾಡುವ ಮಗುವಿಗೆ ಹೇಳುವ ತಾಳ್ಮೆಯಿತ್ತು. “ಮತ್ತೆ ನೋಡು, ನೀನು ಎಮೋಷನಲ್ ಆಗ್ತೀಯ. ಕ್ವೆಶ್ಚನ್ ಬಂದ್ರೆ ಮೇಘನಾ ಹ್ಯಾಂಡಲ್ ಮಾಡ್ತಾಳೆ. ನಿಂಗೆ ಊರಿನ ಜನದ ಜೊತೆ ಇರೋ ಕನೆಕ್ಷನ್ನು ನಮ್ಯಾರಿಗೂ ಇಲ್ಲ. ಅದೇ ನಿನ್ ಸ್ಟ್ರೆಂತು.” ಮೂಗಿಗೆ ತುಪ್ಪ ಸವರುವುದು ಅಂದರೆ ಇದೇ. ಮೈಯೆಲ್ಲ ಉರಿದುಹೋಯಿತು. ಕಪಾಳಕ್ಕೆ ಬಾರಿಸಬೇಕು ಅನ್ನಿಸಿದರೂ ಕೈ ಟ್ಯಾಗಿನ ಹಳದಿ ದಾರವನ್ನು ಸುತ್ತುತ್ತ ಬಿಚ್ಚುತ್ತ ನಿಂತಿತ್ತು. ನಾನಿಲ್ಲ, ನಾನು ಹೋಗ್ತೀನಿ, ಅನ್ನಲು ಬಾಯಿ ತೆರೆದಳು. ಆಚೆ ಅವ್ವ ಯಾರೋ ಹುಡುಗಿಯರ ನಡುವೆ ಕೂತು, ಬಾಳೆ ಹೇಗೆ ಸೊರಗುತ್ತದೆ ಅಂತ ಕೈಯಾಡಿಸಿ ಹೇಳುತ್ತಿದ್ದಳು. ಹುಡುಗಿಯರು ಕಣ್ಣು ಬಿಟ್ಟುಕೊಂಡು ಕೇಳುತ್ತಿದ್ದರು. ಬಿಂದುಶ್ರೀ ಹೋಗಿ ಅವ್ವನ ಪಕ್ಕ ಕೂತಳು.

ಅವ್ವನನ್ನು ಇದಕ್ಕೆ ಎಳೆದವರು ಯಾರು? ಊರಿನ ಜನದ ಜೊತೆ ಕೆಲಸ ಮಾಡಿದ್ದಕ್ಕೆ ಬೇರೆ ಅಂಕವಿದೆ, ಒಬ್ಬ ರೈತ ಮಹಿಳೆಯ ವಿಡಿಯೋ ಬೇಕೇ ಬೇಕು ಅಂತ ಮಹೇಂದ್ರ ಅಂದಾಗ ಮೊದಲು ನಂಜುಂಡಸ್ವಾಮಿಯ ಹೆಂಡತಿ ದೇವೀರಮ್ಮನನ್ನು ಕೇಳಿದ್ದರು. ಆಕೆ, “ನಮ್ ಮನೆ ಹೆಣ್ಮಕ್ಳು ಅಂಗೆಲ್ಲಾ ಕ್ಯಾಮರಾಕ್ಕೆ ನಿಂತ್ಕಳಕಿಲ್ಲ ಕಣ್ರವ್ವ,” ಅಂದು ಒಳಗೆ ಹೋದರು. ಆಗ ಎಲ್ಲರ ಕಣ್ಣೂ ತಿರುಗಿದ್ದು ಬಿಂದುಶ್ರೀಯ ಕಡೆಗೆ. ಯಾರೂ ಬಾಯಿಬಿಟ್ಟು ಕೇಳಲಿಲ್ಲ, ಅವಳೇ ಅಂದಳು: ನಮ್ಮವ್ವನ್ನ ಕರ್ಕೊಂಡು ಬರ್ತೀನಿ. ಅದೇ ತೋಟದಲ್ಲಿ, ನಂಜುಂಡಸ್ವಾಮಿ ಊರಲ್ಲಿಲ್ಲದ ದಿನ ನೋಡಿಕೊಂಡು, ಅವ್ವನನ್ನು ಬಾಳೆಯ ಬುಡದಲ್ಲಿ ನಿಲ್ಲಿಸಿದರು. ಅವ್ವ ಗೊನೆಯ ಮೇಲೆ ಕೈಯಿಟ್ಟು ಹೇಳಿದಳು, ನಮ್ಮ ತ್ವಾಟ. ಆ ವಿಡಿಯೋ ಬಿಂದುಶ್ರೀ ಆಮೇಲೆ ಒಬ್ಬಳೇ ಎಷ್ಟೋ ಸಲ ನೋಡಿದ್ದಾಳೆ. ಅವ್ವನಿಗೆ ತೋಟ ಒಪ್ಪಿತ್ತು. ಅದು ಅವಳದೇ ಅನ್ನುವ ಹಾಗೆ ನಿಂತಿದ್ದಳು. ನೋಡಿದಾಗೆಲ್ಲ ಮಗಳಿಗೆ ಒಂಥರಾ ಸುಖವಾಗಿತ್ತು, ಆ ಸುಖವೇ ಈಗ ಚುಚ್ಚುತ್ತಿತ್ತು. ಮಹೇಂದ್ರ ಕೇಳಿದ್ದು ಒಂದು ಮುಖ ಅಷ್ಟೇ. ತೋಟ ಬರೆದುಕೊಟ್ಟವಳು ತಾನು. ನೂಲು ತೆಗೆಯುವವಳು ಅಂತ ಬರೆಯಬಹುದಿತ್ತಲ್ಲ, ಯಾರೇನು ಗಲ್ಲಿಗೆ ಹಾಕುತ್ತಿದ್ದರು? ಬರೆಯಲು ಕೈ ಬರಲಿಲ್ಲ.

ಸಭಾಂಗಣದಲ್ಲಿ ಅವರ ಸರದಿ ಬಂತು. ಮೇಘನಾ ಚೆನ್ನಾಗಿಯೇ ಹೇಳಿದಳು, ಬಿಂದುಶ್ರೀ ಬರೆದ ವಾಕ್ಯಗಳನ್ನೇ ಹೇಳಿದಳು, ಅವಳು ಉಸಿರು ತೆಗೆದುಕೊಳ್ಳುತ್ತಿದ್ದ ಜಾಗದಲ್ಲೇ ಉಸಿರು ತೆಗೆದುಕೊಂಡಳು. ಹಸುರು ಗಿಡಗಳ ಚಿತ್ರ ಬಂತು, ಚಪ್ಪಾಳೆ ಬಿತ್ತು. ಮುಂದಿನ ಚಿತ್ರಕ್ಕೆ ಬಿಂದುಶ್ರೀ ಕುರ್ಚಿಯಲ್ಲಿ ಮುಂದಕ್ಕೆ ಬಗ್ಗಿದಳು, ತೆಗೆದಿದ್ದಾರೆ ಅಂತ ಗೊತ್ತಿದ್ದೂ. ಬಂದದ್ದು ಅವ್ವನ ವಿಡಿಯೋ. ಮುಂದಿನ ಸಾಲಿನಲ್ಲಿ ಮೂವರು ತೀರ್ಪುಗಾರರು. ನಡುವೆ ಕೂತಿದ್ದ ನೆರೆತ ಕೂದಲಿನ ಹೆಂಗಸು ಪುಣೆಯವರು, ಕನ್ನಡ ಬಾರದು. ಕನ್ನಡಕ ಹಣೆಗೇರಿಸಿ ಅವ್ವನ ಮುಖವನ್ನೇ ನೋಡುತ್ತಿದ್ದರು. ಆಮೇಲೆ ಮಹೇಂದ್ರ ಮೈಕಿನಲ್ಲಿ ಅವ್ವನ ಹೆಸರು ಕರೆದ. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಅವ್ವನ ಪಕ್ಕ ಬಿಂದುಶ್ರೀ ನಿಂತಳು, ನ್ಯಾಚುರಲ್ ಆಗಿ.

ಅವ್ವ ಮೈಕು ಹಿಡಿದು ಕಲಿತದ್ದನ್ನು ತಪ್ಪಿಲ್ಲದೆ ಒಪ್ಪಿಸಿದಳು. ಬಿಂದುಶ್ರೀ ಒಂದೊಂದೇ ವಾಕ್ಯವನ್ನು ಇಂಗ್ಲಿಷಿಗೆ ತಿರುಗಿಸಿದಳು, ತನ್ನ ದನಿ ತನಗೇ ಯಾರದೋ ಅನ್ನಿಸುತ್ತಿತ್ತು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಚಪ್ಪಾಳೆ ಬಿತ್ತು, ಚಪ್ಪಾಳೆಗೆ ಅವ್ವನ ಮುಖ ಅರಳಿತು. ಇಷ್ಟೊಂದು ಜನ ಓದಿದವರು, ಮಗಳ ಕೆಲಸ, ಇಷ್ಟಕ್ಕೇ ಬಿಟ್ಟರೆ ಹೇಗೆ ಅನ್ನಿಸಿರಬೇಕು. ಬ್ಯಾಕ್ಟೀರಿಯಾ ಅಂದರೆ ಅವಳಿಗೆ ಹುಳ, ಅವಳ ನಾಲಗೆಯಲ್ಲಿ ಅದು ಉಳ. “ಇನ್ನೊಂದ್ ಮಾತು ಏಳ್ಬುಡ್ತೀನಿ,” ಅಂದಳು. “ಈ ಮಕ್ಳು ಆ ಉಳನ ತಂದು ನಮ್ ತ್ವಾಟಕ್ಕೆ ಆಕುದ್ರು ನೋಡಿ, ಒಂದ್ ಗಿಡನೂ ಸಾಯ್ನಿಲ್ಲ! ಎಲ್ಲಾ ಕಂಬ ನಿಂತಂಗೆ ನಿಂತ್ಕಂಡ್ವು. ಗೊನೆ ಅಂದ್ರೆ ಇಷ್ಟಿಷ್ಟುದ್ದ. ಈ ಮಕ್ಳ ಒಟ್ಟೆ ತಣ್ಗಿರ್ಲಿ!”

ಕನ್ನಡ ಬಲ್ಲ ಕಡೆಯಿಂದ ಗುಸುಗುಸು ಎದ್ದಿತು. ತಿದ್ದಿದ ಜೀವಿಯನ್ನು ತೋಟಕ್ಕೆ ಹಾಕಿದರಂತೆ. ಮಹೇಂದ್ರನ ಮುಖದ ರಕ್ತ ಇಳಿದುಹೋಯಿತು. ಪುಣೆಯ ತೀರ್ಪುಗಾರ್ತಿ ಇಂಗ್ಲಿಷಿನಲ್ಲಿ, “ಈಗ ಏನಂದರು?” ಅಂತ ಕೇಳಿದರು. ಮಹೇಂದ್ರ ಬಿಂದುಶ್ರೀಯ ಕಿವಿಯ ಹತ್ತಿರ ಬಂದು, “ಥ್ಯಾಂಕ್ಸ್ ಹೇಳಿದ್ರು ಅನ್ನು. ಅಷ್ಟೇ ಅನ್ನು. ಪ್ಲೀಸ್ ಬಿಂದು,” ಅಂದ. ಅವನ ಉಸಿರು ಕೆನ್ನೆಗೆ ತಾಗಿತು. ಬೆಳಿಗ್ಗೆಯಿಂದ ಅವನು ಅವಳಿಗೆ ಪ್ಲೀಸ್ ಅಂದದ್ದು ಅದೇ ಮೊದಲು. ಥ್ಯಾಂಕ್ಸು. ಅನ್ನುವುದು ಎಷ್ಟು ಸುಲಭ! ಬಗ್ಗಿ ಎತ್ತಿಕೊಂಡು ಥ್ಯಾಂಕ್ಸು ಅಂದವಳು, ಈಗಲೂ ಅಂದರೆ ಆಯಿತು. ಎಲ್ಲರೂ ಬದುಕಿಕೊಳ್ಳುತ್ತಾರೆ, ಅವ್ವ ಶಾಲು ಹೊದ್ದು ಮನೆಗೆ ಬರುತ್ತಾಳೆ, ಮೇಘನಾ ಕೈ ಹಿಡಿದುಕೊಳ್ಳುತ್ತಾಳೆ, ಟೀಮು ಪ್ಯಾರಿಸ್ಸಿಗೆ ಹೋಗುತ್ತದೆ. ಸತ್ತ ಗಿಡಗಳು ಸತ್ತದ್ದೂ ಯಾರಿಗೂ ಗೊತ್ತಾಗದೆ ಹೋಗುತ್ತದೆ. ಬಿಂದುಶ್ರೀಗೆ ಆಗ ಇಡೀ ದಿನದ ಸಿಟ್ಟು ಒಂದೇ ಜಾಗಕ್ಕೆ ಬಂದು ನಿಂತ ಹಾಗಾಯಿತು.

“ತೋಟಕ್ಕೆ ಹಾಕಿದರು, ಎಲ್ಲ ಗಿಡ ಉಳಿಯಿತು ಅಂದರು,” ಅಂದಳು ಇಂಗ್ಲಿಷಿನಲ್ಲಿ. “ಅದು ಸುಳ್ಳು. ನಾವು ಯಾವ ತೋಟಕ್ಕೂ ಏನೂ ಹಾಕಿಲ್ಲ. ಇವರಿಗೆ ತೋಟವೂ ಇಲ್ಲ. ಇವರು ನನ್ನ ತಾಯಿ, ಬದನವಾಳಿನಲ್ಲಿ ನೂಲು ತೆಗೆಯುತ್ತಾರೆ. ಇವರು ಹೇಳಿದ ಮಾತನ್ನು ಬರೆದುಕೊಟ್ಟವಳು ನಾನು. ಕೊನೆಯದು ಮಾತ್ರ ಇವರದು, ನನ್ನ ಮೇಲಿನ ಪ್ರೀತಿಗೆ ಹೇಳಿದ್ದು. ಈಗ ನೀವು ನೋಡಿದ ಹಸುರು ಗಿಡಗಳು ಬೇಯಿಸಿದ ಮಣ್ಣಿನವು. ತೋಟದ ಹಸಿ ಮಣ್ಣಿನಲ್ಲೂ ಬೆಳೆಸಿದೆವು. ಎಲ್ಲವೂ ಸತ್ತವು. ಆ ಸ್ಲೈಡು ನಿನ್ನೆಯವರೆಗೂ ಇತ್ತು.”

ತೀರ್ಪುಗಾರ್ತಿ ಕನ್ನಡಕ ಕೆಳಗಿಳಿಸಿ, “ಹಸಿ ಮಣ್ಣಿನಲ್ಲಿ ಮಾಡಿ ನೋಡಿದವರು ಯಾರು?” ಅಂತ ಕೇಳಿದರು.

“ನಾನು.”

“ಇವಳು ಪ್ರೆಸೆಂಟರ್ ಅಲ್ಲ ಮೇಡಂ,” ಅಂತ ಮಹೇಂದ್ರ ನಡುವೆ ಬಾಯಿ ಹಾಕಿದ. ಮೇಘನಾ ನೆಲ ನೋಡುತ್ತಿದ್ದಳು. ತೀರ್ಪುಗಾರ್ತಿ ಅವನ ಕಡೆ ತಿರುಗಲೂ ಇಲ್ಲ. “ಯಾಕೆ ಸತ್ತವು?” ಅಂತ ಬಿಂದುಶ್ರೀಯನ್ನೇ ಕೇಳಿದರು. ಅವಳು ಹೇಳಿದಳು. ತೋಟದ ಮಣ್ಣಿನ ಜೀವಿಗಳ ಜೊತೆ ತಮ್ಮದು ಬಾಳಲಿಲ್ಲ, ಮೊದಲ ವಾರದಲ್ಲೇ ಸಂಖ್ಯೆ ಕುಸಿಯಿತು, ಬೇಯಿಸಿದ ಮಣ್ಣನ್ನು ನಂಬಿದ್ದೇ ತಪ್ಪು. ಹೇಳುತ್ತ ಹೇಳುತ್ತ ಅವಳ ಇಂಗ್ಲಿಷು ಎಲ್ಲೂ ಎಡವಲಿಲ್ಲ. ತೀರ್ಪುಗಾರರಲ್ಲಿ ಒಬ್ಬರು ಬರೆದುಕೊಳ್ಳತೊಡಗಿದರು. ಎಷ್ಟು ದಿನದಿಂದ ಇದಕ್ಕಾಗಿಯೇ ಕಾದಿದ್ದಳೋ ಅದು ಹೀಗೆ, ಹಳದಿ ದಾರದಲ್ಲಿ, ಅವ್ವನ ಪಕ್ಕ ನಿಂತು ಆಗುತ್ತಿತ್ತು. ಖುಷಿಯಾಗಬೇಕಿತ್ತು.

ಅವ್ವ ಅವಳ ತೋಳು ಹಿಡಿದು ಅಲುಗಿಸಿದಳು. “ಏನಂದೆ? ಎಲ್ರೂ ಯಾಕ್ ಇಂಗೆ ನೋಡ್ತಾವ್ರೆ? ನಾನೇನಾರ ತಪ್ಪು ಏಳ್ಬುಟ್ನಾ?” ಮೈಕು ಇನ್ನೂ ಅವ್ವನ ಕೈಯಲ್ಲಿತ್ತು, ಪ್ರತಿ ಮಾತೂ ಗೋಡೆಗೆ ಬಡಿದು ಬರುತ್ತಿತ್ತು. ಇಂಗ್ಲಿಷಿನಲ್ಲಿ ಅಷ್ಟು ಸರಾಗವಾಗಿ ಬಂದದ್ದು ಕನ್ನಡದಲ್ಲಿ ತುಂಡುತುಂಡಾಗಿ ಬಂತು.

“ನಮ್ಗೆ ತೋಟ ಇಲ್ಲ ಅಂದೆ ಕಣವ್ವ. ಗಿಡ ಸತ್ತೋದೋ ಅಂದೆ.”

“ಸತ್ತೋದ್ವಾ?”

“ಊಂ.”

“ಅಂಗಾರೆ ನನ್ ಕೈಲಿ ಅಂಗ್ಯಾಕೆ ಏಳಿಸ್ದೆ? ಇಷ್ಟ್ ಜನದ್ ಮುಂದೆ?”

ಮಹೇಂದ್ರ ಕೇಳಿದ ಅಂತ ಬಿಂದುಶ್ರೀ ಅನ್ನಬಹುದಿತ್ತು, ಅಂಕ ಕೊಡುತ್ತಾರೆ ಅನ್ನಬಹುದಿತ್ತು. ಅವ್ವ ಶಾಲನ್ನು ಹೆಗಲಿನಿಂದ ತೆಗೆದು, ಮಡಿಸಿ, ಹಣ್ಣಿನ ಬುಟ್ಟಿಯ ಮೇಲಿಟ್ಟಳು. ಅವಳ ಮುಖದಲ್ಲಿದ್ದದ್ದು ಅಳುವಲ್ಲ. ನೂಲು ಕಡಿದು ಹಾಕಿದವರ ಮೇಲೆ ಕೇಂದ್ರದಲ್ಲಿ ಹಾರಿಬೀಳುತ್ತಾಳಲ್ಲ, ಆ ಸಿಟ್ಟು. ಅದು ಇಷ್ಟು ಹತ್ತಿರದಿಂದ ತನ್ನ ಕಡೆಗೆ ತಿರುಗಿದ್ದನ್ನು ಮಗಳು ಎಂದೂ ಕಂಡಿರಲಿಲ್ಲ.

“ರಾಟೆ ಮುಂದೆ ಕುಂತ್ಕಂಡೇ ನಿನ್ನ ಓದಿಸ್ದೋಳು ನಾನು,” ಅಂದಳು ಅವ್ವ. “ನೂಲು ತೆಗ್ಯೋಳು ನಮ್ಮವ್ವ ಅಂತ ಏಳಿದ್ರೆ, ಆ ನಿನ್ನ ಉಳ ಸತ್ತೋಯ್ತಿತ್ತಾ?”

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು, ನಕ್ಕವರು ತಕ್ಷಣ ನಿಲ್ಲಿಸಿದರು. ಕನ್ನಡ ಬಲ್ಲವರೆಲ್ಲ ಎಲ್ಲೆಲ್ಲೋ ನೋಡಿದರು. ತೀರ್ಪುಗಾರ್ತಿ ಬಿಂದುಶ್ರೀಯನ್ನೇ ನೋಡುತ್ತ ಇಂಗ್ಲಿಷಿನಲ್ಲಿ, “ನಿಮ್ಮ ತಾಯಿ ಏನು ಕೇಳುತ್ತಿದ್ದಾರೆ?” ಅಂದರು.

“ಬೇಡ ಬಿಡೇ,” ಅಂತ ಮೇಘನಾ ಮೆಲ್ಲಗೆ ಅಂದಳು.

ಬಿಂದುಶ್ರೀ ಅವ್ವನ ಕೈಯಲ್ಲಿದ್ದ ಮೈಕಿನ ಕಡೆಗೆ ಬಗ್ಗಿದಳು. ಒಂದು ಅಕ್ಷರ ಬಿಡದೆ, ಒಂದು ಅಕ್ಷರ ಸೇರಿಸದೆ ಇಂಗ್ಲಿಷಿನಲ್ಲಿ ಹೇಳಿದಳು: “ರಾಟೆಯ ಮುಂದೆ ಕೂತು ನಿನ್ನನ್ನು ಓದಿಸಿದವಳು ನಾನು ಅನ್ನುತ್ತಿದ್ದಾರೆ. ನನ್ನ ತಾಯಿ ನೂಲು ತೆಗೆಯುತ್ತಾಳೆ ಅಂತ ಹೇಳಿದ್ದರೆ ನಿನ್ನ ಬ್ಯಾಕ್ಟೀರಿಯಾ ಸತ್ತುಹೋಗುತ್ತಿತ್ತೇ ಅಂತ ಕೇಳುತ್ತಿದ್ದಾರೆ.”

ಅವ್ವ ಕೈ ಇಳಿಸದೆ ಉತ್ತರಕ್ಕೆ ಕಾಯುತ್ತಿದ್ದಳು. ಬಿಂದುಶ್ರೀ ಆ ನೂರು ಜನರಿಗೆ ಬೆನ್ನು ಹಾಕಿ ಅವ್ವನ ಕಡೆಗೆ ತಿರುಗಿದಳು.

“ಸಾಯ್ತಿರ್ನಿಲ್ಲ ಕಣವ್ವ,” ಅಂದಳು.